ಹುಲ್ಲು ನಿಲ್ಲದ ಹಿತ್ತಲು: ನೆರಳನ್ನು ಅಳೆದು ಗಿಡ ನೆಟ್ಟ ಒಂದು ಪ್ರಕರಣ

ಅಕ್ಕನ ಮನೆಯ ಹಿತ್ತಲು 11 ಮೀಟರ್ ಉದ್ದ, 8 ಮೀಟರ್ ಅಗಲ. ದಕ್ಷಿಣಕ್ಕೆ ಎರಡು ಅಂತಸ್ತಿನ ಮನೆ. ಉಳಿದ ಮೂರು ಕಡೆ ಕಾಂಪೌಂಡ್ ಗೋಡೆ. ವಾಯವ್ಯ ಮೂಲೆಯಲ್ಲಿ ಒಂದು ಹಳೆಯ ಮಾವಿನ ಮರ. ಅದರ ಕೊಂಬೆಗಳು ಹಿತ್ತಲಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಜಾಗವನ್ನು ಮುಚ್ಚಿಕೊಂಡಿವೆ. ನಾನು ಮೊದಲ ಸಲ ಗಂಭೀರವಾಗಿ ನೋಡಿದಾಗ ಅಲ್ಲಿ ಹಸಿರು ಅಂತ ಇದ್ದದ್ದು ಪೂರ್ವದ ಕಡೆ ಒಂದಿಷ್ಟು ಹುಲ್ಲು ಮತ್ತು ಮನೆಯ ಗೋಡೆ ಪಕ್ಕ ಜಾರುವ ಪಾಚಿ ಮಾತ್ರ. ಮರದ ಕೆಳಗೆ ಬರೀ ಮಣ್ಣು. ಮಳೆ ಬಂದರೆ ಕೆಸರು, ಬೇಸಿಗೆಯಲ್ಲಿ ಧೂಳು. ನಾಯಿ ಓಡಾಡಿದ ಜಾಗದಲ್ಲಿ ಮಣ್ಣು ಸಿಮೆಂಟಿನಂತೆ ಗಟ್ಟಿಯಾಗಿತ್ತು.

ಅಲ್ಲಿ ಮೂರು ಸಲ ಹುಲ್ಲು ಹಾಕಿಸಿದ್ದರು. ಮೂರೂ ಸಲ ಸೋತಿತ್ತು. ನಾಲ್ಕನೇ ಸಲ ಹಾಕಿಸುವ ಮುಂಚೆ ನನ್ನನ್ನು ಕೇಳಿದರು. ಹುಲ್ಲು ನಿಲ್ಲದ ಕಡೆ ಅದರ ಬದಲು ನೆರಳಿನಲ್ಲಿ ಬದುಕುವ ನೆಲಹೊದಿಕೆ ಗಿಡಗಳನ್ನು, ಅಂದರೆ ನೆಲವನ್ನು ಮುಚ್ಚುವ ತಗ್ಗು ಗಿಡಗಳನ್ನು ನೆಟ್ಟೆವು. ಆಮೇಲಿನ ಎರಡೂವರೆ ವರ್ಷದಲ್ಲಿ ಏನೇನಾಯಿತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಲವು ನಿರ್ಧಾರ ಸರಿಯಾದವು, ಕೆಲವು ತಪ್ಪಿದವು. ಎರಡನ್ನೂ ಹೇಳುತ್ತೇನೆ.

ಮೂರು ಸಲದ ಹುಲ್ಲು

ಮೊದಲನೆಯದು ಗರಿಕೆ ಜಾತಿಯ ಲಾನ್ ಹುಲ್ಲು. ಚಾಪೆಯಂತೆ ಸುರುಳಿ ಸುತ್ತಿ ತಂದು ಹಾಸಿದ್ದರು. ಮೊದಲ ತಿಂಗಳು ಕಣ್ಣಿಗೆ ಹಬ್ಬ. ಮೂರನೇ ತಿಂಗಳಿಗೆ ಮರದ ಕೆಳಗೆ ಎಳೆಎಳೆಯಾಗಿ ತೆಳುವಾಯಿತು. ಆರನೇ ತಿಂಗಳಿಗೆ ಮಣ್ಣು ಕಾಣಿಸಿತು.

ಎರಡನೇ ಸಲ ಅದೇ ಹುಲ್ಲು, ಆದರೆ ಗೊಬ್ಬರ ಮತ್ತು ನೀರು ಜಾಸ್ತಿ. ಹುಲ್ಲು ಬಡವಾಗಿದೆ, ಹಾಗಾಗಿ ಊಟ ಸಾಲುತ್ತಿಲ್ಲ ಅಂತ ಎಲ್ಲರಿಗೂ ಅನ್ನಿಸುತ್ತದೆ. ನಿಜ ಏನೆಂದರೆ ಗಿಡದ ಊಟ ಬೆಳಕಿನಿಂದ ತಯಾರಾಗುತ್ತದೆ. ಗೊಬ್ಬರ ಆ ಅಡುಗೆಗೆ ಉಪ್ಪಿನಷ್ಟೇ. ಬೆಳಕಿಲ್ಲದ ಕಡೆ ಸಾರಜನಕ ಸುರಿದರೆ ಹುಲ್ಲು ಬೇರನ್ನು ಕಡೆಗಣಿಸಿ ಎಲೆಯನ್ನು ಮೇಲಕ್ಕೆ ತಳ್ಳುತ್ತದೆ. ಎಲೆ ತೆಳ್ಳಗೆ, ಮೆತ್ತಗೆ ಬರುತ್ತದೆ. ಮೆತ್ತಗಿನ ಎಲೆ, ಒಣಗದ ನೆಲ, ಗಾಳಿ ಆಡದ ಮೂಲೆ. ಶಿಲೀಂಧ್ರಕ್ಕೆ ಇನ್ನೇನು ಬೇಕು? ಒಂದು ಮಳೆಗಾಲದಲ್ಲಿ ಎಲ್ಲಾ ಕೊಳೆತು ಹೋಯಿತು. ಅದರ ಮೇಲೆ, ಬಿಸಿಲಿನ ಲಾನ್‌ನಂತೆ ಗಿಡ್ಡಕ್ಕೆ ಕತ್ತರಿಸುತ್ತಿದ್ದರು. ನೆರಳಿನ ಹುಲ್ಲಿಗೆ ಎಲೆಯೇ ಬಂಡವಾಳ. ಅದನ್ನೇ ಕತ್ತರಿಸಿದರೆ ಇರುವ ಅಷ್ಟಿಷ್ಟು ಬೆಳಕನ್ನೂ ಹಿಡಿಯಲು ಅದಕ್ಕೆ ಏನೂ ಉಳಿಯುವುದಿಲ್ಲ.

ಮೂರನೇ ಸಲ ಅಗಲ ಎಲೆಯ ಕಾರ್ಪೆಟ್ ಹುಲ್ಲು ಹಾಕಿದರು. ಇದು ಗರಿಕೆಗಿಂತ ಚೆನ್ನಾಗಿ ನೆರಳನ್ನು ತಾಳಿಕೊಳ್ಳುತ್ತದೆ, ಅದು ಸುಳ್ಳಲ್ಲ. ಪೂರ್ವದ ಕಡೆ ಉಳಿದಿದ್ದ ಹಸಿರು ಇದೇ. ಮರದ ಕೆಳಗೆ ಇದೂ ಸತ್ತಿತು.

ಮರದ ಕೆಳಗೆ ಸತ್ತು ಪೂರ್ವಕ್ಕೆ ಬದುಕಿತು ಅನ್ನುವ ಈ ಒಂದು ಸಂಗತಿಯೇ ನನಗೆ ದಾರಿ ತೋರಿಸಿತು. ಒಂದೇ ಹಿತ್ತಲು, ಒಂದೇ ದಿನ ಹಾಸಿದ ಹುಲ್ಲು, ಒಂದೇ ಪೈಪಿನ ನೀರು. ಹಾಗಾದರೆ "ನೆರಳು" ಅಂತ ನಾವು ಒಂದೇ ಹೆಸರಿಟ್ಟು ಕರೆಯುತ್ತಿದ್ದದ್ದು ಒಂದೇ ಅಲ್ಲ, ಅಲ್ವಾ?

ಗಿಡ ತರುವ ಮುಂಚೆ ಅಳತೆ

ಅಕ್ಕನಿಗೆ ಆವತ್ತೇ ಗಿಡ ತರುವ ಆಸೆ. ನಾನು ಬೇಡ ಅಂದೆ. ಹಿತ್ತಲಿನ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದೆವು. ನೆಲದಲ್ಲಿ 12 ಕಡ್ಡಿ ನೆಟ್ಟೆವು. ಬೆಳಿಗ್ಗೆ 7ರಿಂದ ಸಂಜೆ 6ರ ತನಕ ಗಂಟೆಗೊಂದು ಸಲ ಯಾವ ಕಡ್ಡಿಗೆ ಬಿಸಿಲು, ಯಾವುದಕ್ಕೆ ನೆರಳು, ಯಾವುದಕ್ಕೆ ಎಲೆಗಳ ನಡುವೆ ಸೋಸಿ ಬಂದ ಜರಡಿ ಬಿಸಿಲು ಅಂತ ಗುರುತು ಹಾಕಿದೆವು. ಮೋಡವಿಲ್ಲದ ನಾಲ್ಕು ದಿನ ಹೀಗೆ ಮಾಡಿದೆವು. ಅದು ಡಿಸೆಂಬರ್. ಇದನ್ನೇ ಮೇ ಕೊನೆಗೆ ಮತ್ತೆ ಮಾಡಿದೆವು.

ಎರಡನೇ ಸಲ ಯಾಕೆ? ಸೂರ್ಯನ ದಾರಿ ವರ್ಷವಿಡೀ ಸರಿಯುತ್ತಿರುತ್ತದೆ. ಡಿಸೆಂಬರ್‌ನಲ್ಲಿ ಅದು ದಕ್ಷಿಣಕ್ಕೆ ವಾಲಿರುತ್ತದೆ. ಆಗ ಮನೆಯ ನೆರಳು ಉತ್ತರಕ್ಕೆ, ಅಂದರೆ ಹಿತ್ತಲಿನೊಳಕ್ಕೆ ಚಾಚುತ್ತದೆ. ಮೇ ಕೊನೆಗೆ ಸೂರ್ಯ ಉತ್ತರಕ್ಕೆ ಬಂದಾಗ ಅದೇ ಗೋಡೆ ಪಕ್ಕಕ್ಕೆ ನೇರ ಬಿಸಿಲು ಬಡಿಯಿತು. ಒಂದೇ ಸಲ ನೋಡಿ ಗಿಡ ನೆಟ್ಟರೆ ಅರ್ಧ ವರ್ಷದ ಲೆಕ್ಕ ತಪ್ಪುತ್ತದೆ. ನಮ್ಮದೂ ಒಂದು ಕಡೆ ತಪ್ಪಿತು, ಅದು ಮುಂದೆ ಬರುತ್ತದೆ. ಇದು ನಮ್ಮ ಜಾಗದ ಲೆಕ್ಕ. ಭೂಮಧ್ಯರೇಖೆಯಿಂದ ಎಷ್ಟು ದೂರ, ಯಾವ ಬದಿ ಅನ್ನುವುದರ ಮೇಲೆ ಇದು ಬದಲಾಗುತ್ತದೆ. ಅದಕ್ಕೇ ಬೇರೆಯವರ ನಕ್ಷೆ ನಿಮ್ಮ ಹಿತ್ತಲಿಗೆ ಕೂರುವುದಿಲ್ಲ.

ಫೋನಿನ ಬೆಳಕು ಅಳೆಯುವ ಆ್ಯಪ್ ಕೂಡ ಬಳಸಿದೆವು. ಅದರ ಅಂಕಿ ಕರಾರುವಾಕ್ಕಲ್ಲ, ಆದರೆ ಹೋಲಿಕೆಗೆ ಸಾಕು. ತೆರೆದ ಬಿಸಿಲು ನಡುಮಧ್ಯಾಹ್ನ 1 ಲಕ್ಷ ಲಕ್ಸ್‌ನ ಹತ್ತಿರ ಇರುತ್ತದೆ. ಮಾವಿನ ಬೊಡ್ಡೆಯ ಪಕ್ಕ ನಮಗೆ ಸಿಕ್ಕಿದ್ದು 3,000ದಷ್ಟು. ನಮ್ಮ ಕಣ್ಣು ಇದನ್ನು ಗುರುತಿಸುವುದೇ ಇಲ್ಲ. ಅಲ್ಲಿ ಕೂತು ಪೇಪರ್ ಓದಬಹುದು, ಹಾಗಾಗಿ ಬೆಳಕು ಇದೆ ಅನ್ನಿಸುತ್ತದೆ. ಗರಿಕೆಗೆ ಅದು ಹೆಚ್ಚುಕಡಿಮೆ ಕತ್ತಲೆ.

ಮಣ್ಣನ್ನೂ ನೋಡಿದೆವು. ಒಂದು ಉದ್ದ ಸ್ಕ್ರೂಡ್ರೈವರ್ ಚುಚ್ಚಿದರೆ ಪೂರ್ವದಲ್ಲಿ ಹಿಡಿಯ ತನಕ ಇಳಿಯಿತು. ಮರದ ಕೆಳಗೆ ಎರಡು ಬೆರಳಿನಷ್ಟೂ ಇಳಿಯಲಿಲ್ಲ. ಗೋಡೆ ಪಕ್ಕ ಒಂದು ಅಡಿ ಗುಂಡಿ ತೋಡಿ ನೀರು ತುಂಬಿಸಿದೆವು. ಮರುದಿನ ಬೆಳಿಗ್ಗೆ ಕೂಡ ತಳದಲ್ಲಿ ನೀರು ನಿಂತಿತ್ತು. ಸೂರಿನಿಂದ ಬೀಳುವ ಮಳೆನೀರೆಲ್ಲ ಅಲ್ಲೇ ಇಂಗಬೇಕಿತ್ತು, ಇಂಗುತ್ತಿರಲಿಲ್ಲ. ಪಾಚಿಗೆ ಕಾರಣ ಅದೇ. ಪಾಚಿ ಹುಲ್ಲನ್ನು ಕೊಲ್ಲುತ್ತದೆ ಅಂತ ಅಕ್ಕ ಸುಣ್ಣ ಹಾಕಿದ್ದರು. ಪಾಚಿ ಯಾರನ್ನೂ ಕೊಲ್ಲುವುದಿಲ್ಲ. ಹುಲ್ಲು ಖಾಲಿ ಮಾಡಿದ ಜಾಗಕ್ಕೆ ಬಂದು ಕೂರುತ್ತದೆ.

ನನಗೆ ತುಂಬಾ ಕಲಿಸಿದ್ದು ಎರಡು ಡಬ್ಬಿಗಳು. ಒಂದೇ ಅಳತೆಯ ನೇರ ಗೋಡೆಯ ಡಬ್ಬಿಗಳನ್ನು ಮಳೆಯಲ್ಲಿಟ್ಟೆವು. ಒಂದು ತೆರೆದ ಕಡೆ, ಇನ್ನೊಂದು ಮಾವಿನ ಕೆಳಗೆ. ಒಂದು ಸಣ್ಣ ಮಳೆಯಾದ ಮೇಲೆ ತೆರೆದ ಡಬ್ಬಿಯಲ್ಲಿ 10 ಮಿಲಿಮೀಟರ್ ನೀರಿತ್ತು. ಮರದ ಕೆಳಗಿನದರಲ್ಲಿ 4. ಉಳಿದದ್ದು ಎಲೆಗಳ ಮೇಲೇ ಉಳಿದು ಆವಿಯಾಗಿತ್ತು. ದೊಡ್ಡ ಮಳೆಯಲ್ಲಿ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಸಣ್ಣ ಮಳೆಯಲ್ಲಿ ಜಾಸ್ತಿ. ಬಿದ್ದ ಆ ನೀರನ್ನೂ ಮರದ ಬೇರು ಮೊದಲು ಹೀರುತ್ತದೆ. ಮರ ಅಂದರೆ ಆಳದ ಬೇರು ಅಂತ ನಾವು ಅಂದುಕೊಳ್ಳುತ್ತೇವೆ. ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಜಾಸ್ತಿ ಇರುವುದು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲಿ. ಅಂದರೆ ಹುಲ್ಲಿನ ಬೇರು ಇರುವ ಜಾಗದಲ್ಲೇ. ಮಳೆಗಾಲದಲ್ಲೂ ಮರದ ಕೆಳಗೆ ಒಣಗಿರುತ್ತದೆ ಅನ್ನುವುದಕ್ಕೆ ಆ ಎರಡು ಡಬ್ಬಿ ಸಾಕ್ಷಿ.

ಮರದ ನೆರಳು ಬೇರೆ, ಗೋಡೆಯ ನೆರಳು ಬೇರೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ವಿಷಯ ಒಂದಿದೆ. ಗೋಡೆಯ ನೆರಳಿನಲ್ಲಿ ಬಿಸಿಲು ಇಲ್ಲದಿದ್ದರೂ ಆಕಾಶದ ಬೆಳಕು ಬೀಳುತ್ತದೆ. ಆ ಬೆಳಕು ಕಡಿಮೆ, ಆದರೆ ಅದರೊಳಗಿನ ಬಣ್ಣಗಳ ಲೆಕ್ಕ ಅಷ್ಟೇನೂ ಕೆಟ್ಟಿರುವುದಿಲ್ಲ. ಮರದ ನೆರಳು ಹಾಗಲ್ಲ. ಎಲೆಗಳು ತಮಗೆ ಬೇಕಾದ ಕೆಂಪು ಮತ್ತು ನೀಲಿಯನ್ನು ಹೀರಿಕೊಂಡು, ಬೇಡದ ದೂರಗೆಂಪು (ಕಾಮನಬಿಲ್ಲಿನ ಕೆಂಪಿನ ಆಚೆ ಅಂಚಿನ) ಬೆಳಕನ್ನು ಕೆಳಕ್ಕೆ ಬಿಡುತ್ತವೆ. ನಮ್ಮ ಕಣ್ಣಿಗೆ ದೂರಗೆಂಪು ಕಾಣುವುದೇ ಅಪರೂಪ. ಗಿಡಕ್ಕೆ ಅದು ಚೆನ್ನಾಗಿ ಗೊತ್ತಾಗುತ್ತದೆ.

1952ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಹ್ಯಾರಿ ಬೋರ್ಥ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಜೊತೆಗಾರರು ಲೆಟಿಸ್ ಬೀಜಗಳ ಮೇಲೆ ಇದನ್ನು ತೋರಿಸಿದರು. ಕೆಂಪು ಬೆಳಕು ಬಿದ್ದರೆ ಬೀಜ ಮೊಳೆಯುತ್ತದೆ. ಅದರ ಹಿಂದೆಯೇ ದೂರಗೆಂಪು ಬಿದ್ದರೆ ಮೊಳೆಯುವುದಿಲ್ಲ. ಮತ್ತೆ ಕೆಂಪು ಬಿದ್ದರೆ ಮತ್ತೆ ಮೊಳೆಯುತ್ತದೆ. ಕೊನೆಯಲ್ಲಿ ಬಿದ್ದದ್ದು ಯಾವುದೋ ಅದರ ಮಾತು ನಡೆಯುತ್ತದೆ. ಗಿಡದೊಳಗೆ ಇದನ್ನು ಗುರುತಿಸುವ ವಸ್ತುವಿಗೆ ಆಮೇಲೆ ಫೈಟೊಕ್ರೋಮ್ ಅಂತ ಹೆಸರು ಬಂತು.

ಬಿಸಿಲು ಬಯಸುವ ಹುಲ್ಲು ಮರದ ಕೆಳಗೆ ಉದ್ದುದ್ದಕ್ಕೆ, ತೆಳ್ಳಗೆ ಬೆಳೆಯುವುದು ಇದರಿಂದಲೇ. ದೂರಗೆಂಪು ಜಾಸ್ತಿ ಸಿಕ್ಕಿದರೆ "ನನ್ನ ಮೇಲೆ ಇನ್ಯಾವುದೋ ಗಿಡ ಇದೆ, ನಾನು ಮೇಲಕ್ಕೆ ಹೋಗಬೇಕು" ಅಂತ ಅದು ಚಾಚುತ್ತದೆ. ಮಾವಿನ ಮರವನ್ನು ಗರಿಕೆ ಯಾವತ್ತು ದಾಟೀತು? ಇರುವ ಶಕ್ತಿಯನ್ನೆಲ್ಲ ಆ ಚಾಚುವುದಕ್ಕೇ ಖರ್ಚು ಮಾಡಿ ಸಾಯುತ್ತದೆ. ಕಾಡಿನ ನೆಲದಲ್ಲಿ ಹುಟ್ಟಿದ ಗಿಡಗಳು ಈ ಓಟಕ್ಕೆ ಇಳಿಯುವುದಿಲ್ಲ. ಕಡಿಮೆ ಬೆಳಕಿನಲ್ಲಿ ನಿಧಾನವಾಗಿ ಬದುಕುವುದು ಅವುಗಳ ಸ್ವಭಾವ. ನಮಗೆ ಬೇಕಾಗಿದ್ದದ್ದು ಅಂಥವು.

ಇದೆಲ್ಲ ಸೇರಿಸಿ ಹಿತ್ತಲನ್ನು ಮೂರು ಭಾಗ ಮಾಡಿದೆವು. ಮನೆಯ ಗೋಡೆ ಪಕ್ಕದ 2 ಮೀಟರ್ ಪಟ್ಟಿ, ಸುಮಾರು 22 ಚದರ ಮೀಟರ್: ತಂಪು, ಒದ್ದೆ ನೆರಳು. ಮಾವಿನ ಕೆಳಗೆ 35 ಚದರ ಮೀಟರ್: ಗಾಢ, ಒಣ ನೆರಳು. ಪೂರ್ವಕ್ಕೆ ಉಳಿದ 31: ಬೆಳಿಗ್ಗೆ ನಾಲ್ಕು ಗಂಟೆಯಷ್ಟು ಬಿಸಿಲು, ಆಮೇಲೆ ನೆರಳು. ಪೂರ್ವದ ಭಾಗದಲ್ಲಿ ಕಾರ್ಪೆಟ್ ಹುಲ್ಲನ್ನೇ ಉಳಿಸಿಕೊಂಡೆವು. ಕತ್ತರಿಸುವ ಎತ್ತರವನ್ನು ಏರಿಸಿದೆವು, ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಲಿಲ್ಲ. ಅಷ್ಟಕ್ಕೇ ಅದು ದಟ್ಟವಾಯಿತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಗಿಡ ಆರಿಸಿದ್ದು

ಮೊದಲ ಪಟ್ಟಿಯಲ್ಲಿ ಸಿಂಗೋನಿಯಂ, ಮನಿ ಪ್ಲಾಂಟ್ ಇದ್ದವು. ಎರಡೂ ಗಾಢ ನೆರಳಿನಲ್ಲಿ ಬೇಗ ಹರಡುತ್ತವೆ. ಆದರೆ ಮನೆಯಲ್ಲಿ ನಾಯಿ ಇದೆ, ಅದಕ್ಕೆ ಎಲೆ ಅಗಿಯುವ ಚಾಳಿ. ಈ ಎರಡರ ಎಲೆಯಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೂ ಇದೇ ಮಾತು. ಅವೆರಡನ್ನೂ ಬಿಟ್ಟೆವು. ಮನಿ ಪ್ಲಾಂಟಿಗೆ ಇನ್ನೊಂದು ತೊಂದರೆಯೂ ಇದೆ. ನೆಲದ ಮೇಲೆ ಸುಮ್ನೆ ಇರುವುದಿಲ್ಲ. ಮರ ಸಿಕ್ಕಿದರೆ ಹತ್ತುತ್ತದೆ, ಹತ್ತಿದ ಮೇಲೆ ಎಲೆ ದೊಡ್ಡದಾಗುತ್ತಾ ಹೋಗುತ್ತದೆ.

ಮಾವಿನ ಕೆಳಗಿನ ಒಣ ನೆರಳಿಗೆ ಮಂಡೋ ಗ್ರಾಸ್ ಆರಿಸಿದೆವು. ಹೆಸರಿನಲ್ಲಿ ಹುಲ್ಲಿದೆ, ಜಾತಿಯಲ್ಲಿ ಅದು ಹುಲ್ಲಲ್ಲ. ಶತಾವರಿಯ ಬಳಗದ್ದು. ಗಾಢ ಹಸಿರಿನ ಸಪೂರ ಎಲೆ, ಕತ್ತರಿಸುವ ಕೆಲಸವಿಲ್ಲ, ಒಮ್ಮೆ ಬೇರೂರಿದರೆ ಮರದ ಬೇರಿನ ಜೊತೆ ಏಗುತ್ತದೆ. ಒಂದೇ ಕಷ್ಟ: ಬಹಳ ನಿಧಾನ. ಅದರ ಅಂಚಿಗೆ, ಸ್ವಲ್ಪ ಬೆಳಕು ಜಾಸ್ತಿ ಇರುವ ಕಡೆ ಸ್ಪೈಡರ್ ಪ್ಲಾಂಟ್. ಇದರ ಬೇರು ದಪ್ಪ, ಗೆಡ್ಡೆಯಂತೆ ನೀರು ಕೂಡಿಟ್ಟುಕೊಳ್ಳುತ್ತದೆ. ತಂತಿಯಂಥ ಕಡ್ಡಿಗಳ ತುದಿಯಲ್ಲಿ ಮರಿಗಿಡ ಬಿಡುತ್ತದೆ, ಹಾಗಾಗಿ ಐದಾರು ತಾಯಿಗಿಡ ಇದ್ದರೆ ವರ್ಷದೊಳಗೆ ಬೇಕಾದಷ್ಟು ಸಿಗುತ್ತವೆ. ನಾಯಿ ಅಗಿದರೂ ಗಾಬರಿಯಿಲ್ಲ.

ಗೋಡೆ ಪಕ್ಕದ ಒದ್ದೆ ಪಟ್ಟಿಗೆ ಜರಿಗಿಡ ಮತ್ತು ಒಂದೆಲಗ. ಒಂದೆಲಗ ನೆಲಕ್ಕೆ ಅಂಟಿಕೊಂಡು ಹರಿಯುತ್ತದೆ, ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ, ತೇವ ಇದ್ದರೆ ಸಂತೋಷವಾಗಿರುತ್ತದೆ. ಹುಲ್ಲು ಮತ್ತು ಮಾವಿನ ನಡುವಿನ ಗಡಿಗೆ ನೇರಳೆ ಎಲೆಯ ಹೆಮಿಗ್ರಾಫಿಸ್. ಅದಕ್ಕೆ ಕೊಂಚ ಬಿಸಿಲು ಬೇಕು. ನೆರಳು ಜಾಸ್ತಿಯಾದಷ್ಟೂ ನೇರಳೆ ಬಣ್ಣ ಮಾಸಿ ಹಸಿರಾಗುತ್ತದೆ. ಎಲ್ಲಿ ಬಣ್ಣ ಮಾಸಿತೋ ಅಲ್ಲಿಗೆ ಅದರ ಗಡಿ ಅಂತ ಲೆಕ್ಕ ಹಾಕಿ, ಆಚೆಗೆ ನೆಡುವುದನ್ನು ನಿಲ್ಲಿಸಿದೆವು.

ಎಷ್ಟು ಗಿಡ ಬೇಕು ಅನ್ನುವುದು ಸುಲಭದ ಲೆಕ್ಕ, ಆದರೆ ಮೊದಲೇ ಮಾಡಿಕೊಳ್ಳಬೇಕು. 15 ಸೆಂಟಿಮೀಟರ್ ಅಂತರಕ್ಕೆ ಚದರ ಮೀಟರಿಗೆ 44 ಗಿಡ. 20 ಸೆಂಟಿಮೀಟರಿಗೆ 25. 25ಕ್ಕೆ 16. ಮಂಡೋ ಗ್ರಾಸ್ ನಿಧಾನದ್ದು, ಹಾಗಾಗಿ 15ರ ಅಂತರ ಬೇಕು. 20 ಚದರ ಮೀಟರಿಗೆ 880 ಬುಡ! ಅಕ್ಕ ಲೆಕ್ಕ ನೋಡಿ ಸುಮ್ಮನಾಗಿಬಿಟ್ಟರು. ಅಷ್ಟನ್ನೂ ಕೊಳ್ಳಲಿಲ್ಲ. 60 ಚೀಲ ತಂದೆವು. ಒಂದೊಂದು ಚೀಲದ ಗುಂಪನ್ನು ಬಿಡಿಸಿದರೆ ಏಳು ತುಂಡು ಸಿಕ್ಕಿತು, ಪ್ರತಿಯೊಂದಕ್ಕೂ ಬೇರು ಇರುವಂತೆ. ಅದರಲ್ಲಿ ಅರ್ಧ ಜಾಗ ತುಂಬಿತು. ಉಳಿದರ್ಧಕ್ಕೆ ಮರುವರ್ಷ ಅವೇ ಗುಂಪುಗಳಿಂದ ಬಿಡಿಸಿದೆವು. ಆ ಒಂದು ವರ್ಷ ಆ ಅರ್ಧದಲ್ಲಿ ತರಗೆಲೆ ಹೊದಿಸಿಟ್ಟೆವು, ಅಷ್ಟೇ.

ಮರದ ಕೆಳಗೆ ನೆಡುವ ಕೆಲಸ

ಇಲ್ಲಿ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಹಿಂದೆ ಹುಲ್ಲು ಹಾಕಿದ ಕೆಲಸದವರು "ಬೇರೆಲ್ಲ ಮೇಲೆ ಬಂದಿದೆ, ಒಂದಡಿ ಕೆಂಪು ಮಣ್ಣು ತುಂಬಿಸಿಬಿಡಿ, ಆಮೇಲೆ ಏನು ಬೇಕಾದರೂ ಬೆಳೆಯುತ್ತದೆ" ಅಂತ ಹೇಳಿ ಹೋಗಿದ್ದರು. ಒಂದು ಲೋಡ್ ಮಣ್ಣು ಗೇಟಿನ ಹೊರಗೆ ಬಂದು ಬಿದ್ದಿತ್ತು ಕೂಡ. ದಯವಿಟ್ಟು ಇದನ್ನು ಮಾಡಬೇಡಿ. ಮರದ ಬೇರಿಗೆ ಗಾಳಿ ಬೇಕು. ಅಡಿಗಟ್ಟಲೆ ಮಣ್ಣು ಹೇರಿದರೆ ಸಣ್ಣ ಬೇರುಗಳು ಉಸಿರುಗಟ್ಟಿ ಸಾಯುತ್ತವೆ. ಬೊಡ್ಡೆಯ ಬುಡವನ್ನು ಮಣ್ಣು ಮುಚ್ಚಿದರೆ ತೊಗಟೆ ಕೊಳೆಯುತ್ತದೆ. ಮರ ಆವತ್ತೇ ಒಣಗುವುದಿಲ್ಲ. ಎರಡು, ಮೂರು ವರ್ಷ ಬಿಟ್ಟು ತುದಿಕೊಂಬೆಗಳಿಂದ ಒಣಗುತ್ತಾ ಬರುತ್ತದೆ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಒಂದು ಹಾಸಿನ ಆಸೆಗೆ ಐವತ್ತು ವರ್ಷದ ಮರವನ್ನು ಕಳೆದುಕೊಳ್ಳುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಆ ಮಣ್ಣನ್ನು ಬೇರೆ ಕಡೆಗೆ ಕಳಿಸಿದೆವು. ಮರದ ಕೆಳಗೆ ಹಾಕಿದ್ದು ಎರಡು ಬೆರಳು ದಪ್ಪ ಎರೆಗೊಬ್ಬರ ಮಾತ್ರ.

ಗುದ್ದಲಿ, ಹಾರೆ ಮುಟ್ಟಲಿಲ್ಲ. ಹಿಂದಿನ ದಿನ ನೀರು ಬಿಟ್ಟು ಮಣ್ಣು ಮೆತ್ತಗಾದ ಮೇಲೆ ಕೈಗುದ್ದಲಿಯಿಂದ ಒಂದು ಹಿಡಿಯಷ್ಟು ಗುಂಡಿ. ಹೆಬ್ಬೆರಳಿಗಿಂತ ದಪ್ಪ ಬೇರು ಸಿಕ್ಕಿದರೆ ಗುಂಡಿಯನ್ನೇ ಪಕ್ಕಕ್ಕೆ ಸರಿಸಿದೆವು. ಹಾಗಾಗಿ ಸಾಲು ನೇರವಾಗಿ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಚಿಕ್ಕ ಗಿಡ ನೆಡುವ ಅನುಕೂಲವೇ ಇದು. ದೊಡ್ಡ ಕುಂಡದ ಗಿಡ ತಂದರೆ ದೊಡ್ಡ ಗುಂಡಿ ಬೇಕು, ದೊಡ್ಡ ಗುಂಡಿಗೆ ಬೇರು ಕಡಿಯಬೇಕು. ಬೊಡ್ಡೆಯ ಸುತ್ತ ಒಂದು ಮೀಟರ್ ಏನೂ ನೆಡಲಿಲ್ಲ.

ನಾಯಿ ದಿನಾ ಓಡುತ್ತಿದ್ದ ದಾರಿ ಮಣ್ಣಿನಲ್ಲೇ ಗೆರೆಯಾಗಿ ಕಾಣುತ್ತಿತ್ತು. ಅದರ ಮೇಲೆ ಗಿಡ ನೆಟ್ಟು ನಾಯಿಯ ಜೊತೆ ಜಗಳ ಆಡುವುದಕ್ಕಿಂತ ಅದೇ ಗೆರೆಯ ಮೇಲೆ ಚಪ್ಪಡಿ ಕಲ್ಲು ಹಾಕಿದೆವು. ನೆಲಹೊದಿಕೆ ಗಿಡಗಳಲ್ಲಿ ಹೆಚ್ಚಿನವು ತುಳಿತ ತಡೆಯುವುದಿಲ್ಲ. ಹುಲ್ಲಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಅದು. ಮಕ್ಕಳು ಓಡಾಡುವ ಜಾಗ ಬೇಕೆಂದರೆ ಅದನ್ನು ಬೇರೆಯೇ ಇಡಬೇಕು.

ಅಕ್ಕನ ಇನ್ನೊಂದು ಭಯ, ಹಾವು. ಅದು ಸುಮ್ನೆ ಭಯವಲ್ಲ. ದಟ್ಟ ಪೊದೆ ಇದ್ದರೆ ಕಪ್ಪೆ, ಇಲಿ ಬರುತ್ತವೆ, ಅವುಗಳ ಹಿಂದೆ ಹಾವೂ ಬರಬಹುದು. ಹಾಗಾಗಿ ಮೊಣಕಾಲೆತ್ತರ ಬೆಳೆಯುವ ಯಾವುದನ್ನೂ ಬಾಗಿಲ ಬಳಿ ನೆಡಲಿಲ್ಲ. ಗೋಡೆಗೆ ತಾಗಿ ಅರ್ಧ ಮೀಟರ್ ಜಲ್ಲಿ ಹಾಸಿ ಖಾಲಿ ಬಿಟ್ಟೆವು. ಕಣ್ಣಿಗೆ ನೆಲ ಕಾಣಬೇಕು. ಆ ಜಲ್ಲಿಯ ಕೆಳಗೆ ಒಂದು ಸಣ್ಣ ಕಾಲುವೆ ತೆಗೆದು ಸೂರಿನ ನೀರನ್ನು ಹೊರಕ್ಕೆ ಹರಿಸಿದ್ದು ಪಾಚಿಗೂ ಮದ್ದಾಯಿತು.

ತಪ್ಪಿದ್ದು ಎಲ್ಲಿ

ಮೊದಲ ತಪ್ಪು ವೆಡೇಲಿಯ. ಪರಿಚಯದವರೊಬ್ಬರು ಪ್ರೀತಿಯಿಂದ ಒಂದು ಚೀಲ ಕುಡಿ ತಂದುಕೊಟ್ಟಿದ್ದರು. ಹಳದಿ ಹೂವು, ಬೇಗ ಹರಡುತ್ತದೆ. ನಾನಿಲ್ಲದಾಗ ಪೂರ್ವದ ಗೋಡೆ ಬಳಿ ನೆಟ್ಟರು. ಐದು ತಿಂಗಳಲ್ಲಿ ಅದು ಹುಲ್ಲನ್ನು ದಾಟಿ ಹೆಮಿಗ್ರಾಫಿಸ್ ಮೇಲೆ ಹತ್ತಿತ್ತು. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದರ ಹೆಸರೂ ಇದೆ. ಪಟ್ಟಿ ಮಾಡಿದ್ದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ. ಕಿತ್ತರೆ ಮುಗಿಯುವುದಿಲ್ಲ, ಒಂದು ಗೆಣ್ಣು ಉಳಿದರೂ ಮತ್ತೆ ಬೇರು ಬಿಡುತ್ತದೆ. ಮೂರು ತಿಂಗಳು ವಾರಕ್ಕೊಮ್ಮೆ ಕೂತು ಕಿತ್ತೆವು. ಕಿತ್ತದ್ದನ್ನು ಚರಂಡಿಗೋ ಖಾಲಿ ಸೈಟಿಗೋ ಎಸೆಯಲಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ, ಮುರಿದರೆ ಪಟ್ ಅನ್ನುವ ತನಕ ಬಿಸಿಲಲ್ಲಿ ಒಣಗಿಸಿದೆವು. ಬೇಗ ಹರಡುತ್ತದೆ ಅನ್ನುವ ಮಾತು ಕೇಳಿದಾಗಲೆಲ್ಲ ನಾನು ಈಗ ಎರಡನೇ ಪ್ರಶ್ನೆ ಕೇಳುತ್ತೇನೆ: ಎಲ್ಲಿ ನಿಲ್ಲುತ್ತದೆ?

ಎರಡನೆಯದು ನನ್ನದೇ ಆಯ್ಕೆ. ಮಾವಿನ ಅಂಚಿನಲ್ಲಿ ಒಂದಿಷ್ಟು ಟರ್ಟಲ್ ವೈನ್ ಹಾಕಿದ್ದೆ. ಕುಂಡದಲ್ಲಿ ಅಷ್ಟು ಚೆಂದ ಕಾಣುವ ಬಳ್ಳಿ. ನೆರಳಿನಲ್ಲಿ ಗೆಣ್ಣುಗಳ ನಡುವೆ ಅಂತರ ಬಿಟ್ಟು ಸೊರಗಿತು. ಮಳೆಗಾಲದಲ್ಲಿ ಉದುರಿದ ಮಾವಿನೆಲೆ ಅದರ ಮೇಲೆ ಒದ್ದೆಯಾಗಿ ಕೂತು, ಕೆಳಗಿನದೆಲ್ಲ ಕೊಳೆಯಿತು. ಸಣ್ಣ ಎಲೆಯ ಮರವಾದರೆ ಉದುರಿದ್ದು ಗಿಡಗಳ ನಡುವೆ ಇಳಿದು ಮಣ್ಣು ಸೇರುತ್ತದೆ. ಮಾವಿನೆಲೆ ದೊಡ್ಡದು, ಚರ್ಮದಂತೆ ಗಟ್ಟಿ, ಬೇಗ ಕರಗುವುದಿಲ್ಲ. ಅದರ ಕೆಳಗೆ ನೆಲಕ್ಕಂಟಿದ ಮೆತ್ತಗಿನ ಗಿಡ ಉಳಿಯುವುದು ಕಷ್ಟ. ನೆಟ್ಟಗೆ ನಿಲ್ಲುವ ಎಲೆಯ ಮಂಡೋ ಗ್ರಾಸ್ ಮೇಲಾದರೆ ಮೆತ್ತಗಿನ ಪೊರಕೆ ಆಡಿಸಬಹುದು. ಗಿಡ ಆರಿಸುವಾಗ ಮೇಲಿನ ಮರದ ಎಲೆಯ ಅಳತೆಯನ್ನೂ ನೋಡಬೇಕು ಅನ್ನುವುದು ನನಗೆ ಮೊದಲು ಹೊಳೆದಿರಲಿಲ್ಲ.

ಮೂರನೆಯದು ಜರಿಗಿಡ. ಡಿಸೆಂಬರ್ ನಕ್ಷೆ ನೋಡಿ ಗೋಡೆ ಪಕ್ಕ ಇಡೀ ಪಟ್ಟಿಗೆ ನೆಟ್ಟಿದ್ದೆವು. ಮೇ ಕೊನೆಯ ಬಿಸಿಲಿಗೆ ಮುಂದಿನ ಸಾಲಿನ ಎಲೆಗಳು ಕಂದಿ ಕಾಗದದಂತಾದವು. ಎರಡನೇ ನಕ್ಷೆ ಕೈಗೆ ಬಂದ ಮೇಲೆ ಆ ಸಾಲನ್ನು ಕಿತ್ತು ಮರದ ಕಡೆಗೆ ಸರಿಸಿ, ಖಾಲಿಯಾದ ಸಾಲಿಗೆ ಸ್ಪೈಡರ್ ಪ್ಲಾಂಟ್ ತಂದೆವು.

ಕೊಂಬೆ, ಅಂಟು, ಶಂಖದಹುಳು

ಮಾವಿನ ಕಾಯಿ ಮುಗಿದ ಮೇಲೆ ಪೂರ್ವದ ಕಡೆಯ ಎರಡು ತಗ್ಗು ಕೊಂಬೆಗಳನ್ನು ತೆಗೆಸಿದೆವು. ಕೆಲಸ ಗೊತ್ತಿದ್ದವರಿಂದಲೇ, ಕೊಂಬೆ ಬೊಡ್ಡೆಗೆ ಸೇರುವಲ್ಲಿನ ಉಬ್ಬನ್ನು ಬಿಟ್ಟು ಅದರ ಹೊರಗೆ ಕತ್ತರಿಸಿ. ಒಂದು ವರ್ಷದಲ್ಲಿ ಮರದ ಹಸಿರಿನ ಕಾಲುಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ನಾವು ತೆಗೆದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಬೆಳಗಿನ ಓರೆ ಬಿಸಿಲು ಒಂದು ಗಂಟೆಯಷ್ಟು ಮರದ ಕೆಳಕ್ಕೆ ನುಗ್ಗಿತು.

ಮೂರು ವಾರ ಕಳೆಯುವುದರೊಳಗೆ ಅಲ್ಲೆಲ್ಲ ಕಳೆ ಎದ್ದಿತು. ಇಷ್ಟು ದಿನ ಇಲ್ಲದ್ದು ಎಲ್ಲಿಂದ ಬಂತು ಅಂತ ಅಕ್ಕ ಬೆರಗಾದರು. ಬೀಜ ಮೊದಲೇ ಮಣ್ಣಲ್ಲಿತ್ತು. ಕೆಂಪು ಬೆಳಕು ಬಿದ್ದದ್ದೇ ಎಚ್ಚರವಾಯಿತು, ಆ ಲೆಟಿಸ್ ಬೀಜದಂತೆ. ಕೊಂಬೆ ತೆಗೆಸುವುದಿದ್ದರೆ ಗಿಡ ನೆಡುವ ಮುಂಚೆಯೇ ತೆಗೆಸಿ, ಆ ಕಳೆಯನ್ನು ಒಂದು ಸಲ ಎದ್ದೇಳಲು ಬಿಟ್ಟು, ಕಿತ್ತು, ಆಮೇಲೆ ನೆಡುವುದು ಒಳ್ಳೆಯದು. ನಾವು ನೆಟ್ಟ ಗಿಡಗಳ ನಡುವೆ ಬೆರಳು ತೂರಿಸಿ ಕೀಳಬೇಕಾಯಿತು.

ಮಾವು ಹೂ ಬಿಟ್ಟಾಗ ಇನ್ನೊಂದು ಕಥೆ. ಜಿಗಿಹುಳು ಬಂದರೆ ಸಿಹಿಯಾದ ಅಂಟು ಕೆಳಕ್ಕೆ ಸುರಿಯುತ್ತದೆ. ಕೆಳಗಿನ ಎಲೆಗಳೆಲ್ಲ ಜಿಗುಟಾಗಿ, ಅದರ ಮೇಲೆ ಮಸಿಯಂಥ ಕಪ್ಪು ಬೂಸ್ಟು ಬೆಳೆಯುತ್ತದೆ. ಮೊದಲ ಸಲ ನೋಡಿದಾಗ ಸ್ಪೈಡರ್ ಪ್ಲಾಂಟಿಗೆ ಏನೋ ರೋಗ ಅಂತ ಎಲ್ಲರೂ ಹೆದರಿದರು. ಅದು ಎಲೆಯೊಳಗೆ ಹೋಗುವ ರೋಗವಲ್ಲ, ಮೇಲಿನ ಅಂಟನ್ನು ತಿಂದು ಬದುಕುವ ಬೂಸ್ಟು. ಆದರೆ ಇರುವ ಸ್ವಲ್ಪ ಬೆಳಕಿಗೂ ಅಡ್ಡ ಬರುತ್ತದೆ. ವಾರಕ್ಕೆರಡು ಸಲ ಬೆಳಿಗ್ಗೆ ಪೈಪಿನಿಂದ ಎಲೆ ತೊಳೆದರೆ ಸಾಕಾಯಿತು. ಸಂಜೆ ತೊಳೆದರೆ ರಾತ್ರಿಯಿಡೀ ಎಲೆ ಒದ್ದೆ ಇರುತ್ತದೆ, ಅದು ಬೇರೆ ಶಿಲೀಂಧ್ರಗಳನ್ನು ಕರೆದಂತೆ.

ಮಳೆಗಾಲದಲ್ಲಿ ಶಂಖದಹುಳುಗಳು ಜರಿಯ ಎಳೆಕುಡಿಯನ್ನು ತಿಂದವು. ರಾತ್ರಿ ಟಾರ್ಚ್ ಹಿಡಿದು ಕೈಗವಸು ಹಾಕಿಕೊಂಡು ಆರಿಸಿದೆವು. ಎರಡು ವಾರದಲ್ಲಿ ಹತೋಟಿಗೆ ಬಂತು.

ಎರಡೂವರೆ ವರ್ಷದ ನಂತರ

ನೀರಿನ ಲೆಕ್ಕ ಹೀಗೆ ನಡೆಯಿತು. ನೆಟ್ಟ ಮೊದಲ ಎರಡು ತಿಂಗಳು ಎರಡು ದಿನಕ್ಕೊಮ್ಮೆ, ನಿಧಾನವಾಗಿ ಇಂಗುವಂತೆ. ಆಮೇಲೆ ವಾರಕ್ಕೊಮ್ಮೆ. ಎರಡನೇ ಬೇಸಿಗೆಗೆ ಮಾವಿನ ಕೆಳಗೆ ಹತ್ತು ದಿನಕ್ಕೊಮ್ಮೆ ಸಾಕಾಯಿತು. ಮಳೆಗಾಲದಲ್ಲೂ ಮರದ ಕೆಳಗೆ ಬೆರಳು ಚುಚ್ಚಿ ನೋಡುತ್ತಿದ್ದೆವು, ಡಬ್ಬಿಗಳ ಪಾಠ ಮರೆಯದೆ. ಎರಡು ಸಲ ಮಳೆಗಾಲದ ನಡುವೆಯೇ ನೀರು ಹಾಕಿದ್ದುಂಟು.

ಮೊದಲ ವರ್ಷ ಮಂಡೋ ಗ್ರಾಸ್ ಬೆಳೆದಂತೆಯೇ ಕಾಣಲಿಲ್ಲ. ಎಂಟನೇ ತಿಂಗಳಲ್ಲಿ ಅಕ್ಕ ಎಲ್ಲಾ ಕಿತ್ತು ಬೇರೆ ಹಾಕೋಣ ಅಂದರು. ಒಂದು ಬುಡವನ್ನು ಮೆತ್ತಗೆ ಎತ್ತಿ ತೋರಿಸಿದೆ. ಮೇಲೆ ಆರು ಎಲೆ, ಕೆಳಗೆ ಒಂದು ಮುಷ್ಟಿ ಬೇರು. ಅದನ್ನು ನೋಡಿ ಕಾಯಲು ಒಪ್ಪಿದರು. ಎರಡನೇ ಮಳೆಗಾಲದಲ್ಲಿ ಪಕ್ಕಪಕ್ಕದ ಗುಂಪುಗಳು ಒಂದನ್ನೊಂದು ಮುಟ್ಟಿದವು. ಈಗ ಮೊದಲು ನೆಟ್ಟ ಅರ್ಧದಲ್ಲಿ ಮಣ್ಣು ಕಾಣುವುದಿಲ್ಲ. ಮರುವರ್ಷ ನೆಟ್ಟ ಅರ್ಧದಲ್ಲಿ ಇನ್ನೂ ಅಲ್ಲಲ್ಲಿ ಕಾಣುತ್ತದೆ. ಗೋಡೆ ಪಕ್ಕದ ಒಂದೆಲಗ ಕಲ್ಲುಗಳ ಸಂದಿಗೂ ಬಂದಿದೆ. ಪೂರ್ವದ ಹುಲ್ಲು ತನ್ನ ಜಾಗದಲ್ಲಿ ಚೆನ್ನಾಗಿದೆ.

ಕೆಲಸ ಮುಗಿದಿಲ್ಲ. ಗೋಡೆ ಪಟ್ಟಿಯ ಪಶ್ಚಿಮದ ತುದಿಯಲ್ಲಿ, ಮನೆಯ ನೆರಳು ಮತ್ತು ಮರದ ನೆರಳು ಎರಡೂ ಸೇರುವ ಒಂದೂವರೆ ಮೀಟರ್ ಜಾಗ ಹಾಗೇ ಉಳಿದಿದೆ. ಜರಿ ಹಾಕಿದೆವು, ನಿಲ್ಲಲಿಲ್ಲ. ಸ್ಪೈಡರ್ ಪ್ಲಾಂಟ್ ಹಾಕಿದೆವು, ಇದೆ, ಆದರೆ ಹರಡುತ್ತಿಲ್ಲ. ಸದ್ಯಕ್ಕೆ ಅಲ್ಲಿ ಮಾವಿನ ತರಗೆಲೆಯನ್ನು ಚೂರು ಮಾಡಿ ಮೂರು ಬೆರಳು ದಪ್ಪ ಹಾಸಿದ್ದೇವೆ. ಬೊಡ್ಡೆಯ ಸುತ್ತಲೂ ಅದೇ, ತೊಗಟೆಗೆ ತಾಗದಂತೆ ಸ್ವಲ್ಪ ಬಿಟ್ಟು. ಹಿಂದೆ ದಿನಾ ಗುಡಿಸಿ ಸುಡುತ್ತಿದ್ದ ಎಲೆ ಅದು. ಕಳೆದ ತಿಂಗಳು ಆ ಪಶ್ಚಿಮದ ತುದಿಯಲ್ಲಿ ಎಲೆ ಸರಿಸಿ ಸ್ಕ್ರೂಡ್ರೈವರ್ ಚುಚ್ಚಿದೆ. ಅರ್ಧಕ್ಕೆ ಇಳಿಯಿತು. ಎಲೆಯ ಅಡಿಯಲ್ಲಿ ಎರೆಹುಳುಗಳಿದ್ದವು. ಇನ್ನೊಂದು ಮಳೆಗಾಲ ಕಳೆಯಲಿ, ಹಿಡಿಯ ತನಕ ಇಳಿದ ದಿನ ಅಲ್ಲಿಗೆ ಮಂಡೋ ಗ್ರಾಸ್ ಬಿಡಿಸಿ ಹಾಕುತ್ತೇವೆ.